ಒಲೆಯ ಕೆಳಗಿನ ಗುಂಡು ದಿಂಬು

ನಮ್ಮ ಕಾರ್ಖಾನೆಯಲ್ಲಿ ಗಿರಾಕಿಗಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಹೆಸರುಗಳು ಯಜಮಾನನ ಕಂಪ್ಯೂಟರಿನಲ್ಲಿ ತಣ್ಣಗೆ ಮಲಗಿರುತ್ತವೆ. ‘ನೀಲಿ ಗೆರೆಯವರು ಫೋನ್ ಮಾಡಿದ್ದರು’, ‘ಹಳದಿ ಚೌಕದವರ ಬಾಗಿಲು ಕಿರುಗುಟ್ಟುತ್ತಂತೆ’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆಗಳನ್ನು ನಾವು ಮಾಡುತ್ತೇವೆ. ರಜೆ ಬಂದರೆ ಜನ ಅದನ್ನು ಕಾಡಿಗೋ ನೀರಿನ ದಂಡೆಗೋ ಎಳೆದೊಯ್ದು ಅದರಲ್ಲೇ ಉಂಡು ಮಲಗುತ್ತಾರೆ. ನಾವದನ್ನು ಗಾಡಿಮನೆ ಎನ್ನುತ್ತೇವೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತಾಯಿ ಮಕ್ಕಳು. ನಾನು ಬಣ್ಣ ಹೊಡೆಯುವವಳು, ನಾನೇ ಹೇಳುತ್ತಿದ್ದೇನೆ. ಬೇರೆ ಬೇರೆಯಾಗುವುದು ಒಳಗಿನ ದಿಂಬು, ಪರದೆಗಳ ಬಟ್ಟೆಯಿಂದ ಮಾತ್ರ. ಆ ಬಟ್ಟೆಯನ್ನು ಗಿರಾಕಿಗಳ ಜೊತೆ ಕೂತು ಆರಿಸಿ, ಕತ್ತರಿಸಿ, ಹೊಲಿಯುವವಳು ದಿಂಬಿನಕ್ಕ. ಹಾಗಾಗಿ ಅವರಿಗೆಲ್ಲ ಹೆಸರಿಡುವ ಹಕ್ಕೂ ಅವಳದೇ.

ದಿಂಬಿನಕ್ಕ ಯಜಮಾನನಿಗೆ ಸ್ವಂತ ಅಕ್ಕ. ನಮ್ಮಲ್ಲಿ ಗ್ಯಾಸು, ನೀರಿನ ಕೊಳವೆ ಜೋಡಿಸುವ ಪೈಪಣ್ಣನಿಗೆ ಹೆಂಡತಿ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಗಂಡನನ್ನು ಬೈದು ಬೈದು ತಿದ್ದಿದವಳು. ಎರಡನೆಯದು ಅವಳೇ ಹೇಳಿಕೊಳ್ಳುವ ಮಾತು, ತಿದ್ದಿದ್ದು ನಮ್ಮ ಕಣ್ಣಿಗಂತೂ ಬಿದ್ದಿಲ್ಲ. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡೇ ಊರಿನ ಸುದ್ದಿಯೆಲ್ಲ ಮಾತಾಡಬಲ್ಲಳು. ಗಿರಾಕಿಗಳು ಅವಳಿಗೆ ಗಿರಾಕಿಗಳಲ್ಲ, ನೆಂಟರು. ಯಾರ ಮಗುವಿಗೆ ಹಲ್ಲು ಬಂತು, ಯಾರ ಮಂಡಿಗೆ ನೋವು, ಯಾರು ರಾತ್ರಿ ಹೊದಿಕೆ ಒದೆಯುತ್ತಾರೆ ಎಲ್ಲವೂ ಅವಳಿಗೆ ಬಾಯಿಪಾಠ. ನನಗೆ ಇದನ್ನೆಲ್ಲ ಕಂಡರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಮಾಡಿ ಕೊಟ್ಟೆವು, ತೆಗೆದುಕೊಂಡು ಹೋದರು, ಅಷ್ಟಕ್ಕೆ ಮುಗಿಯಬೇಕು ಎನ್ನುವವಳು ನಾನು.

ಚಳಿ ಶುರುವಾಗುವಾಗ ಗಿರಾಕಿಗಳಿಗೆಲ್ಲ ಒಂದು ಕಾಗದ ಹೋಗುತ್ತದೆ. ಕಾರ್ಖಾನೆಯಲ್ಲಿ ಏನು ಹೊಸದು, ಬರುವ ಬೇಸಿಗೆಗೆ ಯಾವ ಮಾದರಿ ಬರಲಿದೆ, ಚಳಿಯಲ್ಲಿ ಗಾಡಿಮನೆಯನ್ನು ಹೇಗೆ ನೋಡಿಕೊಳ್ಳಬೇಕು, ಇಷ್ಟೇ. ಬರೆಯುವವಳು ದಿಂಬಿನಕ್ಕ. ಆದರೆ ಬರೆದ ಕೂಡಲೇ ಅದು ಹೋಗುವುದಿಲ್ಲ. ಚಹಾ ಮೇಜಿನ ಸುತ್ತ ಎಲ್ಲರೂ ಕೂತು, ಅವಳು ಜೋರಾಗಿ ಓದಿ, ಒಬ್ಬೊಬ್ಬರೂ ಮೂಗು ತೂರಿಸಿದ ಮೇಲೇ ಅಂಚೆಗೆ. ನಾನು ಹೊರಮೈಗೆ ಮೇಣ ಉಜ್ಜುವ ವಿಷಯ ಸೇರಿಸು ಎನ್ನುತ್ತೇನೆ. ಯಜಮಾನ ಹೊಸ ಮಾದರಿಯನ್ನು ಇನ್ನಷ್ಟು ಹೊಗಳು ಎನ್ನುತ್ತಾನೆ. ಪೈಪಣ್ಣ ಪ್ರತಿ ಸಲವೂ ಗ್ಯಾಸಿನ ಮಾತು ತೆಗೆದು ಎಲ್ಲರ ಚಹಾ ತಣ್ಣಗಾಗಿಸುತ್ತಾನೆ. ಬೇಸರದ ಕೆಲಸ. ಒಂದು ವರ್ಷ ಆ ಓದು ನಡೆಯಲಿಲ್ಲ.

ನಡೆಯದಿದ್ದಕ್ಕೆ ಕಾರಣ ಭಾವ ಭಾವಮೈದುನರ ಮುನಿಸು. ಚಳಿಗೆ ಮುಂಚೆ ಒಂದು ಸಂಸಾರ ಗಾಡಿಮನೆ ಒಯ್ಯಲು ಬಂದಿತ್ತು. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಹೆಂಡತಿಯ ತಾಯಿ. ಕೊಕ್ಕರೆ ಚಿತ್ರದ ಬಟ್ಟೆ ಆರಿಸಿದ್ದರಿಂದ ಅವರು ಕೊಕ್ಕರೆಯವರು. ಹುಡುಗಿಯರು ಆಗಲೇ ಒಳಗೆ ಹತ್ತಿ ಹಾಸಿಗೆಯ ಮೇಲೆ ಕುಣಿಯುತ್ತಿದ್ದರು. ಆಗ ಪೈಪಣ್ಣ ಅಡ್ಡ ನಿಂತು, ಗ್ಯಾಸಿನ ಜೋಡಣೆಯನ್ನು ಇನ್ನೊಂದು ಸಲ ನೋಡಬೇಕು, ನಾಳೆ ಒಯ್ಯಿರಿ ಎಂದ. ಎಲ್ಲರೆದುರು ಹೀಗೆಂದದ್ದು ಯಜಮಾನನಿಗೆ ತಡೆಯಲಿಲ್ಲ.

“ನೀವು ಅಕ್ಕನ ಗಂಡ ಅಂತ ಇಲ್ಲಿದೀರ ಭಾವ, ಅದನ್ನ ಮರೀಬೇಡಿ,” ಎಂದುಬಿಟ್ಟ.

ಪೈಪಣ್ಣ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಮನೆಗೆ ಹೋದ. ಕೊಕ್ಕರೆಯವರು ಆವತ್ತೇ ಗಾಡಿಮನೆ ಎಳೆದೊಯ್ದರು. ಮರುದಿನ ಬಂದ, ಕೆಲಸವನ್ನೂ ಮಾಡಿದ, ಆದರೆ ಯಜಮಾನನ ಜೊತೆ ಮಾತು ಬಿಟ್ಟ. ಯಜಮಾನನೂ ಬಿಟ್ಟ. ಇಬ್ಬರಿಗೂ ನಡುವೆ ದಿಂಬಿನಕ್ಕನೇ ಟಪಾಲು. “ನಿನ್ನ ತಮ್ಮನಿಗೆ ಹೇಳು, ತಾಮ್ರದ ಕೊಳವೆ ಮುಗಿದಿದೆ.” “ಭಾವನಿಗೆ ಹೇಳಕ್ಕ, ನಾಳೆ ಬರುತ್ತೆ.” ಮೂವರೂ ಒಂದೇ ಕೋಣೆಯಲ್ಲಿ ನಿಂತಿರುತ್ತಿದ್ದರು. ಗಂಡಸರು ಮುನಿಸಿಕೊಂಡರೆ ಚಿಕ್ಕ ಮಕ್ಕಳಿಗಿಂತ ಕಡೆ. ಆದರೆ ಚಿಕ್ಕ ಮಕ್ಕಳ ಕಿವಿ ಹಿಂಡಬಹುದು, ಇವರ ಕಿವಿ ಹಿಂಡುವವರು ಯಾರು?

ಹೀಗಿರುವಾಗ ಕಾಗದ ಬರೆಯುವ ಕಾಲ ಬಂತು. ಬೇಸಿಗೆಯಿಡೀ ಗಿರಾಕಿಗಳು ದಿಂಬಿನಕ್ಕನ ಬಳಿ ಒಂದೇ ದೂರು ಹೇಳಿದ್ದರು: ಕಾಡಿನಲ್ಲೋ ನೀರಿನ ದಂಡೆಯಲ್ಲೋ ನಿಲ್ಲಿಸಿದರೆ ಗಾಡಿಮನೆಯೊಳಗೆ ರಾತ್ರಿ ಚಳಿಗೆ ಕಾಲು ಮರಗಟ್ಟುತ್ತದೆ. ಚಳಿಗಾಳಿ ಎಲ್ಲಿಂದ ಬರುತ್ತದೆ ಎಂದು ಅವಳು ಹುಡುಕಿದಳು. ಒಲೆಯ ಕೆಳಗಿನ ಕಪಾಟಿನಲ್ಲಿ, ನೆಲದಲ್ಲಿ, ಮುಷ್ಟಿ ಹಿಡಿಸುವಷ್ಟು ಒಂದು ಗುಂಡು ಕಿಂಡಿ ಇದೆ. ಕಸ ಗುಡಿಸಿ ತಳ್ಳಲು ಅದನ್ನು ಬಿಟ್ಟಿದ್ದಾರೆಂದು ಅವಳು ಮೊದಲಿನಿಂದಲೂ ನಂಬಿದ್ದಳು. ನಾನೂ ಹಾಗೇ ತಿಳಿದಿದ್ದೆ. ಅವಳು ಪ್ರತಿಯೊಬ್ಬರ ಬಟ್ಟೆಯ ಉಳಿದ ತುಂಡುಗಳನ್ನು ಆರಿಸಿ, ಆ ಕಿಂಡಿಗೆ ಸರಿಯಾಗಿ ಕೂರುವ ಗುಂಡು ದಿಂಬುಗಳನ್ನು ಹೊಲಿದಳು. ಒಂದೊಂದೂ ಎಷ್ಟು ಮುದ್ದಾಗಿತ್ತೆಂದರೆ ನಾನೂ ಒಂದನ್ನು ಕೆನ್ನೆಗೆ ಒತ್ತಿ ನೋಡಿದೆ. ಕಾಗದದಲ್ಲಿ ಬರೆದಳು: ‘ಒಲೆಯ ಕೆಳಗಿನ ಗುಂಡು ಕಿಂಡಿಗೆ ಈ ದಿಂಬನ್ನು ಒತ್ತಿ ಕೂರಿಸಿ. ಕಾಲು ಬೆಚ್ಚಗಿರಲಿ.’

ಮೇಜಿನ ಸುತ್ತ ಕೂರಿಸಲು ಹೋದರೆ ಒಬ್ಬ ಬಂದರೆ ಇನ್ನೊಬ್ಬ ಎದ್ದು ಹೋಗುತ್ತಿದ್ದ. ಕಡೆಗೆ ತಮ್ಮನ ಮುಂದೆ ಕಾಗದ ಹಿಡಿದಳು. ಅವನು ಫೋನಿನಲ್ಲಿ ಮುಳುಗಿದ್ದವನು, “ನೀನು ಬರೆದ್ರೆ ಸರಿಯಾಗೇ ಇರುತ್ತಕ್ಕ, ಕಳಿಸು” ಎಂದ. ಗಂಡನನ್ನು ಕೇಳಿದಳು. “ಯಜಮಾನರು ನೋಡಿದ್ರಲ್ಲ, ನಾನ್ಯಾರು ನೋಡೋಕೆ?” ಎಂದ ಅವನು. ಅವಳು ಕಳಿಸಿದಳು.

ಅದಾಗಿ ಕೆಲವು ದಿನಗಳ ಮೇಲೆ, ಊಟ ಮುಗಿಸಿ ನಾವು ಕೈ ತೊಳೆಯುತ್ತಿದ್ದಾಗ, ಅರ್ಧ ಕಟ್ಟಿದ ಗಾಡಿಮನೆಯೊಳಗಿಂದ ಪೈಪಣ್ಣನ ದನಿ ಕೇಳಿತು.

“ಇದನ್ನ ಇಲ್ಲಿ ತುರುಕಿದ್ದು ಯಾರು?”

ಅವನು ಹಾಗೆ ಕಿರುಚಿದ್ದನ್ನು ನಾನು ಕೇಳಿರಲಿಲ್ಲ. ಅಳತೆ ನೋಡಲೆಂದು ಅಕ್ಕ ಅಲ್ಲೇ ಬಿಟ್ಟಿದ್ದ ಕೆಂಪು ಚುಕ್ಕೆಯ ಗುಂಡು ದಿಂಬು ಅವನ ಕೈಯಲ್ಲಿತ್ತು. ದಿಂಬಿನಕ್ಕ ಕತ್ತರಿ ಹಿಡಿದೇ ನಗುತ್ತ ಹೋದಳು.

“ನಾನೇ ಕಣ್ರೀ. ಚೆನ್ನಾಗಿ ಕೂತಿದೆ ಅಲ್ವಾ?”

“ಇಂಥದ್ದು ಇನ್ನೆಷ್ಟು ಮಾಡಿದೀಯ?”

“ಎಲ್ಲರಿಗೂ ಮಾಡಿದೆ. ಕಾಗದದ ಜೊತೆ ಕಳಿಸಿದ್ನಲ್ಲ!”

ಪೈಪಣ್ಣ ಗಾಡಿಮನೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಆಮೇಲೆ ಹೇಳಿದ. ಒಲೆಯ ಗ್ಯಾಸ್ ಸೋರಿದರೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ಕೆಳಗೆ ಹರಿದು ನೆಲದ ಮೇಲೆ ನಿಲ್ಲುತ್ತದೆ. ಅದು ಹೊರಗೆ ಬಿದ್ದುಹೋಗಲಿ ಎಂದೇ ಆ ಕಿಂಡಿ. ಅದು ಮುಚ್ಚಿದ್ದರೆ, ಸೋರಿದ್ದೆಲ್ಲ ಒಳಗೇ ತುಂಬಿಕೊಳ್ಳುತ್ತದೆ. ಯಾರಾದರೂ ಒಂದು ಕಡ್ಡಿ ಗೀರಿದರೆ ಸಾಕು.

“ಸೋರಿದ್ರೆ ತಾನೇ?” ಎಂದಳು ಅಕ್ಕ. ಅವಳ ದನಿ ಅವಳದಾಗಿರಲಿಲ್ಲ.

“ಹೌದು, ಸೋರಿದ್ರೆ.”

 ಇದ್ದಬದ್ದ ಫೋನುಗಳನ್ನೆಲ್ಲ ಹಿಡಿದು ಕೂತೆವು. ಯಜಮಾನ ಕಂಪ್ಯೂಟರಿನಿಂದ ನಂಬರು ಓದಿದ, ಅಕ್ಕ ಅದು ಯಾರೆಂದು ಹೇಳಿದಳು. “ಅದು ಹಸಿರು ಎಲೆಯವರು, ಊಟ ಆದ್ಮೇಲೆ ಮಲಗಿರ್ತಾರೆ, ರಿಂಗಾಗ್ತಾನೇ ಇರ್ಲಿ ಬಿಡು, ಎತ್ತುತ್ತಾರೆ.” ಹೆಚ್ಚಿನವರು ಗಾಡಿಮನೆಯನ್ನು ಚಳಿಗಾಲಕ್ಕೆಂದು ಹೊದಿಸಿ ನಿಲ್ಲಿಸಿದ್ದರು. ನೀಲಿ ಗೆರೆಯವರ ಮನೆಯಲ್ಲಿ ದಿಂಬನ್ನು ಬೆಕ್ಕು ವಶಪಡಿಸಿಕೊಂಡಿತ್ತಂತೆ. ಆ ಬೆಕ್ಕಿಗೆ ಒಳ್ಳೆಯದಾಗಲಿ. ಹಳದಿ ಚೌಕದವರು ದಾರಿಯಲ್ಲಿದ್ದರು, ಗಾಡಿ ನಿಲ್ಲಿಸಿ ಆಗಲೇ ಕಿತ್ತು ತೆಗೆದರು. ಒಬ್ಬರು ಬೈದರು. ಬೈಯಲಿ ಎಂದು ಅಕ್ಕ ಫೋನು ಕಿವಿಗೆ ಒತ್ತಿಕೊಂಡೇ ಕೇಳಿದಳು. ಒಬ್ಬೊಬ್ಬರೂ ಸಿಕ್ಕ ಹಾಗೆ ನಾವು ಉಸಿರು ಬಿಡುತ್ತ ಬಂದೆವು.

ಸಿಗದೆ ಉಳಿದವರು ಕೊಕ್ಕರೆಯವರು.

ಅವರು ಎಲ್ಲಿದ್ದಾರೆಂದು ನಮಗೆಲ್ಲ ಗೊತ್ತಿತ್ತು. ಹಿಂದಿನ ದಿನವಷ್ಟೇ ಆ ಮನೆಯಾಕೆ ಸಂದೇಶ ಕಳಿಸಿದ್ದಳು. ದಿಂಬಿನಕ್ಕ ಅದನ್ನು ಕಾರ್ಖಾನೆಯಿಡೀ ಮೆರವಣಿಗೆ ಮಾಡಿಸಿದ್ದಳು. ಪೈಪಣ್ಣ ಮಾತ್ರ, ಯಜಮಾನ ಪಕ್ಕದಲ್ಲಿದ್ದನೆಂದು, ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ‘ಅಕ್ಕಾ, ದೊಡ್ಡ ಕೆರೆಯ ದಂಡೆಗೆ ಬಂದಿದೀವಿ. ಇಲ್ಲಿ ಭಾರಿ ಚಳಿ. ನೀವು ಹೇಳಿದ ಹಾಗೇ ದಿಂಬು ಕೂರಿಸಿದೀವಿ. ಅಮ್ಮನ ಕಾಲು ಬೆಚ್ಚಗಿದೆ.’ ಈಗ ಅವಳ ಫೋನಿಗೆ ಎಷ್ಟು ಸಲ ಮಾಡಿದರೂ ಸಿಗುತ್ತಿಲ್ಲ ಎಂಬ ಅದೇ ಹೆಂಗಸಿನ ದನಿ. ಆ ದನಿಯ ಕುತ್ತಿಗೆ ಹಿಸುಕಬೇಕು ಅನ್ನಿಸಿತು ನನಗೆ. ಕೆರೆ ದಂಡೆಯ ಕಾವಲುಗಾರನ ಫೋನು ಯಾರೂ ಎತ್ತಲಿಲ್ಲ. ಹತ್ತಿರದ ಠಾಣೆಗೆ ಮಾಡಿದರೆ, ಇರುವ ಒಂದೇ ಗಾಡಿ ಅಪಘಾತದ ಕಡೆ ಹೋಗಿದೆ, ಬಂದ ಕೂಡಲೇ ಕಳಿಸುತ್ತೇವೆ ಎಂದರು.

“ಹೊರಡೋಣ,” ಎಂದಳು ಅಕ್ಕ.

ಕಾರ್ಖಾನೆಯ ವ್ಯಾನನ್ನು ನಾನೇ ಓಡಿಸಿದೆ. ಬಣ್ಣದವಳಾದರೂ ಸ್ಟಿಯರಿಂಗ್ ಹಿಡಿದರೆ ನನ್ನ ಮುಂದೆ ಅವರಿಬ್ಬರೂ ಬಚ್ಚಾಗಳು. ಹಿಂದಿನ ಉದ್ದ ಸೀಟಿನಲ್ಲಿ ಅಕ್ಕ ನಡುವೆ, ಆಚೆ ಗಂಡ, ಈಚೆ ತಮ್ಮ. ಊರು ದಾಟಿದ ಮೇಲೆ ರಸ್ತೆ ಏರತೊಡಗಿತು. ಮರಗಳು ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತಿದ್ದವು, ತಿರುವುಗಳಲ್ಲಿ ಟಾರು ಒದ್ದೆಯಾಗಿ ಮಿರುಗುತ್ತಿತ್ತು. ಜೋರಾಗಿ ಹೋದರೆ ಜಾರುತ್ತದೆ, ನಿಧಾನವಾದರೆ ಜೀವ ತಡೆಯುವುದಿಲ್ಲ. ಅಕ್ಕ ಅದೇ ನಂಬರನ್ನು ಒತ್ತುತ್ತಲೇ ಇದ್ದಳು.

ಅರ್ಧ ದಾರಿಯಲ್ಲಿ ಪೈಪಣ್ಣ ಗಂಟಲು ಸರಿ ಮಾಡಿಕೊಂಡ.

“ನಿನ್ನ ತಮ್ಮನಿಗೆ ಹೇಳು. ಆ ಕೊಕ್ಕರೆ ಗಾಡಿಯ ಒಲೆ ಜೋಡಣೇನ ನಾನು ಎರಡನೇ ಸಲ ನೋಡ್ಲಿಲ್ಲ. ಅವತ್ತು ಬಿಟ್ಟು ಹೋದೋನು ಹೋದೆ ಅಷ್ಟೇ.”

ಕನ್ನಡಿಯಲ್ಲಿ ನನಗೆ ಅಕ್ಕನ ಮುಖ ಕಂಡಿತು. ಅವಳು ಆ ಕಡೆಗೂ ತಿರುಗಲಿಲ್ಲ, ಈ ಕಡೆಗೂ ತಿರುಗಲಿಲ್ಲ.

“ಬಾಯಿಲ್ವಾ ನಿಮ್ಗೆ? ನೀವೇ ಹೇಳಿ,” ಎಂದಳು. “ಪಕ್ಕದಲ್ಲೇ ಕೂತಿದಾನೆ.”

ಪೈಪಣ್ಣ ರಸ್ತೆಯ ಕಡೆ ಮುಖ ತಿರುಗಿಸಿದ. ನನಗೆ ಗಾಡಿ ನಿಲ್ಲಿಸಿ ಇಬ್ಬರನ್ನೂ ಇಳಿಸಿ ಕಪಾಳಕ್ಕೆ ಬಿಡಬೇಕು ಅನ್ನಿಸಿತು. ನಿಲ್ಲಿಸುವಷ್ಟು ಪುರುಸೊತ್ತಿರಲಿಲ್ಲ, ಅವರ ಪುಣ್ಯ. ಕಡೆಗೆ ಯಜಮಾನನೇ ಕಿಟಕಿಯ ಕಡೆ ನೋಡುತ್ತ, ಯಾರಿಗೆಂದಿಲ್ಲದೆ ಹೇಳಿದ, “ಕೇಳಿಸ್ತು.” ಅವನ ಮುಖ ಸುಣ್ಣದ ಹಾಗಾಗಿತ್ತು.

ಕೆರೆ ಕಂಡಾಗ ಬಿಸಿಲು ಇಳಿದು ನೀರು ಬೂದು ಬಣ್ಣಕ್ಕೆ ತಿರುಗಿತ್ತು. ದಂಡೆಯಲ್ಲಿ ನಿಂತಿದ್ದುದು ಒಂದೇ ಒಂದು ಗಾಡಿಮನೆ, ನಮ್ಮದು. ಕಿಟಕಿ, ಬಾಗಿಲು ಎಲ್ಲ ಬಿಗಿಯಾಗಿ ಮುಚ್ಚಿದ್ದವು. ಹುಡುಗಿಯರಿಬ್ಬರು ನೀರಿನ ಬಳಿ ಕಲ್ಲು ಆರಿಸುತ್ತಿದ್ದರು, ತಾಯಿ ಪಕ್ಕದಲ್ಲಿ ನಿಂತಿದ್ದಳು. ಎಲ್ಲರೂ ಹೊರಗಿದ್ದಾರೆ ಎಂದು ನನಗೆ ಅಳುವೇ ಬಂತು. ಅಷ್ಟರಲ್ಲಿ ಆ ಮನೆಯ ಗಂಡಸು ಕಂಡ. ಒಂದು ಕೈಯಲ್ಲಿ ಕೆಟಲ್, ಇನ್ನೊಂದು ಕೈಯಲ್ಲಿ ಲೈಟರು, ಗಾಡಿಮನೆಯ ಕಡೆಗೇ ನಡೆಯುತ್ತಿದ್ದ.

ವ್ಯಾನು ನಿಲ್ಲುವ ಮೊದಲೇ ಅಕ್ಕ ಗಂಡನನ್ನು ದಾಟಿ ಹಾರಿದಳು. ಮೈ ಭಾರದ ಹೆಂಗಸು, ಮೆಟ್ಟಿಲು ಹತ್ತಲೂ ಏದುಸಿರು ಬಿಡುವವಳು, ಹಾಗೆ ಓಡಬಲ್ಲಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

“ಹಚ್ಚಬೇಡಿ! ಬೆಂಕಿ ಹಚ್ಚಬೇಡೀ!”

ಅವನು ತಿರುಗಿ ನೋಡಿದ. ಗುರುತು ಸಿಕ್ಕಿ ನಗುತ್ತ ಕೈ ಬೀಸಿದ, ಲೈಟರು ಹಿಡಿದ ಕೈಯನ್ನೇ. “ಓಹೋ ಅಕ್ಕಾ! ಬನ್ನಿ ಬನ್ನಿ, ಸರಿಯಾದ ಹೊತ್ತಿಗೇ ಬಂದ್ರಿ, ಚಹಾ ಮಾಡೋಣ ಅಂತಿದ್ದೆ,” ಎನ್ನುತ್ತ ಬಾಗಿಲು ತೆರೆದು ಮೆಟ್ಟಿಲ ಮೇಲೆ ಕಾಲಿಟ್ಟ. ನೆಗಡಿಯಿಂದ ಅವನ ಮೂಗು ಕಟ್ಟಿ ಮಾತೆಲ್ಲ ಗುಂಯ್‌ಗುಡುತ್ತಿತ್ತು. ಅಕ್ಕ ಅವನ ಹತ್ತಿರ ಬಂದವಳೇ ಕೈ ಮೇಲೆ ಫಟ್ಟನೆ ಹೊಡೆದಳು. ಲೈಟರು ಹುಲ್ಲಿನೊಳಗೆ ಬಿತ್ತು. ಕೆಟಲ್ ಉರುಳಿತು.

“ಒಳಗೆ ಯಾರಾದ್ರೂ ಇದಾರಾ?”

“ಅತ್ತೆ ಮಲಗಿದಾರೆ. ಯಾಕೆ? ಏನಾಯ್ತು?”

ಪೈಪಣ್ಣ ಆಗಲೇ ಮುಂಭಾಗದ ಪೆಟ್ಟಿಗೆ ತೆರೆದು ಸಿಲಿಂಡರಿನ ಬಾಯಿ ಮುಚ್ಚಿದ್ದ. ಯಾರೂ ದೀಪ ಹಾಕಬೇಡಿ, ಫೋನು ಮುಟ್ಟಬೇಡಿ ಎಂದು ಕೂಗಿ ಒಳಗೆ ನುಗ್ಗಿದ. ಅವನ ಹಿಂದೆಯೇ ಯಜಮಾನ. ಬಾಗಿಲ ಬಳಿ ನಿಂತಿದ್ದ ನನ್ನ ಮೂಗಿಗೂ ಆಗ ಗ್ಯಾಸಿನ ಕೊಳೆತ ವಾಸನೆ ಬಂತು, ನೆಲದ ಮಟ್ಟದಿಂದ. ಇಬ್ಬರೂ ಸೇರಿ ಮುದುಕಿಯನ್ನು ಹೊದಿಕೆ ಸಮೇತ ಎತ್ತಿ ಹೊರಗೆ ತಂದರು. ಹಾಸಿಗೆ ಎತ್ತರದಲ್ಲಿದ್ದುದು ಒಳ್ಳೆಯದಾಯಿತು. ಆಕೆಗೆ ಏನೂ ಆಗಿರಲಿಲ್ಲ, ಸಿಟ್ಟು ಮಾತ್ರ ನೆತ್ತಿಗೇರಿತ್ತು.

“ಯಾರಯ್ಯಾ ನೀವು? ಮಲಗಿದೋರನ್ನ ಮೂಟೆ ಹೊತ್ತ ಹಾಗೆ ಹೊರ್ತೀರಲ್ಲ, ಮಾನ ಮರ್ಯಾದೆ ಇಲ್ವಾ?”

ಅಂಥ ಇಂಪಾದ ಬೈಗುಳವನ್ನು ನಾನು ಕೇಳಿಲ್ಲ.

ಪೈಪಣ್ಣ ಮತ್ತೆ ಒಳಗೆ ಹೋಗಿ ಕಿಟಕಿಗಳನ್ನೆಲ್ಲ ತೆರೆದು, ಕಪಾಟಿನೊಳಗೆ ಕೈ ಹಾಕಿ ಆ ದಿಂಬನ್ನು ಎಳೆದು ಹೊರಗೆಸೆದ. ಅದು ಅಕ್ಕನ ಕಾಲ ಬಳಿ ಬಿತ್ತು. ಬಿಳಿ ಕೊಕ್ಕರೆಯೊಂದು ಒಂಟಿ ಕಾಲಿನಲ್ಲಿ ನಿಂತ ಚಿತ್ರ ನಟ್ಟನಡುವೆ ಬರುವ ಹಾಗೆ ಅವಳು ಬಟ್ಟೆ ಕತ್ತರಿಸಿದ್ದಳು.

ಗಾಳಿಯಾಡಲು ಬಿಟ್ಟು ನಾವೆಲ್ಲ ದೂರ ನಿಂತೆವು. ಕಡೆಗೆ ಪೈಪಣ್ಣ ಬಟ್ಟಲಲ್ಲಿ ಸೋಪಿನ ನೀರು ಕಲಸಿ, ಸಿಲಿಂಡರನ್ನು ಒಂದಿಷ್ಟೇ ತಿರುಗಿಸಿ, ಒಲೆಯ ಹಿಂದಿನ ಜೋಡಣೆಗೆ ಬ್ರಷ್ಷಿನಿಂದ ಹಚ್ಚಿದ. ಬಟ್ಟಲು ಹಿಡಿದು ಪಕ್ಕದಲ್ಲಿ ಮಂಡಿಯೂರಿದ್ದವನು ಯಜಮಾನ. ಅಕ್ಕ ಬಾಗಿಲಲ್ಲಿ ನಿಂತು ಬಗ್ಗಿ ನೋಡಿದಳು. ಜೋಡಣೆಯ ಮೇಲೆ ಒಂದು ಗುಳ್ಳೆ ಎದ್ದಿತು, ಊದಿಕೊಂಡಿತು, ಒಡೆಯಿತು. ಹಿಂದೆಯೇ ಇನ್ನೊಂದು.

“ಭಾವ,” ಎಂದ ಯಜಮಾನ.  “ಅವತ್ತು ನಿಮ್ಮನ್ನ ತಡೀಬಾರದಿತ್ತು.”

“ತಡೆದ್ರೆ ನಾನು ಸ್ಪ್ಯಾನರ್ ಬಿಟ್ಟು ಹೋಗೋದಾ?” ಎಂದ ಪೈಪಣ್ಣ, ಗುಳ್ಳೆಯ ಮೇಲಿಂದ ಕಣ್ಣು ತೆಗೆಯದೆ. “ಆ ಚಿಕ್ಕ ಸ್ಪ್ಯಾನರ್ ಕೊಡು.”

ಜೋಡಣೆ ಬಿಗಿಯಾಯಿತು. ಮತ್ತೆ ಸೋಪಿನ ನೀರು ಹಚ್ಚಿದರು, ಗುಳ್ಳೆ ಏಳಲಿಲ್ಲ. ಆಮೇಲೂ ಹಚ್ಚಿದರು. ಯಜಮಾನನೇ ಇನ್ನೊಂದು ಸಲ, ಇನ್ನೊಂದು ಸಲ ಎನ್ನುತ್ತಿದ್ದ.

ಹೊರಗೆ ಆ ಮನೆಯಾಕೆ ಹುಡುಗಿಯರನ್ನು ತಬ್ಬಿಕೊಂಡು ನಿಂತಿದ್ದಳು. ಅವಳಿಗೆ ಈಗ ಎಲ್ಲವೂ ಅರ್ಥವಾಗಿತ್ತು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೇ ಚೆನ್ನಾಗಿತ್ತು.

“ನೀವು ಒತ್ತಿ ಕೂರಿಸಿ ಅಂದಿದ್ರಲ್ಲ ಅಕ್ಕಾ,” ಎಂದಳು. “ಅದಕ್ಕೇ ನಾನೇ ಕೂತು ಒತ್ತಿದೆ. ಅಮ್ಮನಿಗೆ ಚಳಿ ತಡೆಯಲ್ಲ ನೋಡಿ. ಒಂದಿಷ್ಟೂ ಸಂದಿ ಬಿಡದ ಹಾಗೆ ಒತ್ತಿದೆ.”

ದಿಂಬಿನಕ್ಕ ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ. ಸೆರಗು ಬಾಯಿಗಿಟ್ಟುಕೊಳ್ಳಲಿಲ್ಲ, ಮರೆ ಮಾಡಲಿಲ್ಲ, ಮಕ್ಕಳು ಅಳುವ ಹಾಗೆ ಅತ್ತಳು. “ನನ್ನ ತಪ್ಪು ಕಣಮ್ಮಾ, ನಾನೇ ಕೈಯಾರೆ ಹೊಲಿದು ಕಳಿಸಿದೆ,” ಎನ್ನುತ್ತಿದ್ದಳು. ಆಗ ಆ ಮುದುಕಿ ಹೊದಿಕೆ ಎಳೆದುಕೊಂಡು ಬಂದು ಅವಳ ಪಕ್ಕ ಕೂತು ಬೆನ್ನು ಸವರಿದಳು.  ಹೊದಿಕೆಯ ಅರ್ಧವನ್ನು ಅವಳ ಕಾಲ ಮೇಲೆ ಹೊದಿಸಿದಳು.

ಹಿಂತಿರುಗುವಾಗಲೂ ಅಕ್ಕ ನಡುವೆಯೇ ಕೂತಿದ್ದಳು, ಕೊಕ್ಕರೆ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು. ಎಲ್ಲರಿಗೂ ಹೊಸದಾಗಿ ಒಂದು ಕಾಗದ ಹೋಗಬೇಕು ಎಂಬ ಮಾತು ಬಂತು. ಅದರ ಹಿಂದೆಯೇ ಜಗಳವೂ ಬಂತು.

“ಸಣ್ಣ ಬದಲಾವಣೆ ಅಂತ ಬರೆದ್ರೆ ಸಾಕು ಭಾವ. ಜನ ಸುಮ್ನೆ ಗಾಬರಿಯಾಗ್ತಾರೆ.”

“ಗಾಬರಿಯಾಗ್ಲಿ! ಗಾಬರಿಯಾದ್ರೆ ತಾನೇ ದಿಂಬು ಕಿತ್ತೆಸೆಯೋದು?”

“ಎಲ್ಲರಿಗೂ ಫೋನ್ ಮಾಡಿ ಹೇಳಿದೀವಲ್ಲ!”

“ಕಿವೀಲಿ ಕೇಳಿದ್ದು ನಾಳೆಗೆ ಮರೆತುಹೋಗುತ್ತೆ. ನಿಂಗೆ ಏನೂ ಗೊತ್ತಾಗಲ್ಲ.”

“ನಿಮಗೊಬ್ಬರಿಗೇ ಎಲ್ಲ ಗೊತ್ತು!”

ಅಕ್ಕನ ತಲೆಯ ಮೇಲಿಂದ ಆ ಕಡೆಗೂ ಈ ಕಡೆಗೂ ಬಾಯಿ ಜೋರಾಗುತ್ತ ಹೋಯಿತು. ನನಗೆ ತಿರುವುಗಳ ಮೇಲೆ ಗಮನ ನಿಲ್ಲುತ್ತಿರಲಿಲ್ಲ.

“ಇಬ್ಬರಿಗೂ ಬಾಯಿ ಮುಚ್ಚೋಕೆ ಹೇಳಕ್ಕ,” ಎಂದೆ. “ಇಲ್ಲಾಂದ್ರೆ ನಾನೇ ಇಳಿಸಿ ಹೋಗ್ತೀನಿ.”

“ಬೇಡ, ಸುಮ್ನಿರು,” ಎಂದಳು ದಿಂಬಿನಕ್ಕ. ಕನ್ನಡಿಯಲ್ಲಿ ನೋಡಿದರೆ ಅವಳು ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದಳು. ಬೆರಳುಗಳು ಕೊಕ್ಕರೆ ದಿಂಬಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದವು. “ಮಾತಾಡ್ಲಿ ಬಿಡು. ಊರು ಬರೋವರೆಗೂ ಆಡ್ಲಿ.”